ಲಗ್ನದ ಡ್ರೋನು, ಬೆಂಗಳೂರಿನ ಆಕಾಶ

“ಅಣ್ಣಾರ, ಡ್ರೋನ್ ಇರ್ತದಲ್ರಿ?”

ಲಗ್ನದ ಆರ್ಡರ್ ಕೊಡಲು ನಮ್ಮ ಸ್ಟುಡಿಯೋಕ್ಕೆ ಬರುವವರು ಈಗ ಮೊದಲು ಕೇಳುವುದು ಇದನ್ನೇ. ಆಲ್ಬಮ್ ಎಷ್ಟು ಹಾಳೆಯದು, ಕ್ಯಾಮೆರಾದವರು ಎಷ್ಟು ಮಂದಿ ಬರುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ಮದುಮಗ ಕುದುರೆ ಏರಿ ಬರುವುದು, ಹಂದರದ ತುಂಬ ಕುಳಿತ ಬೀಗರು, ಅಕ್ಕಿಕಾಳು ಬೀಳುವ ಹೊತ್ತಿನ ಗದ್ದಲ, ಎಲ್ಲವೂ ಮೇಲಿನಿಂದ ಕಾಣಬೇಕು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಜಮಖಂಡಿ, ಯಾವ ಊರಿನ ಲಗ್ನವಾದರೂ ಇದು ಈಗ ಸಾಮಾನ್ಯ ಬೇಡಿಕೆ. ನಾನು ಈ ಕೆಲಸಕ್ಕೆ ಇಳಿದಾಗ ಮೇಲಿನ ದೃಶ್ಯ ಬೇಕೆಂದರೆ ಮಾಳಿಗೆ ಹತ್ತಬೇಕಿತ್ತು.

ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ “ಹೂಂ, ಇರ್ತದ್ರಿ” ಎನ್ನುವುದು ಕಷ್ಟವಲ್ಲ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾದಲ್ಲಿದೆ, ಇಲ್ಲಿಂದ ಗಂಟೆಗಟ್ಟಲೆ ದಾರಿ. ಹುಬ್ಬಳ್ಳಿ ಇನ್ನೂ ದೂರ. ಕಬ್ಬಿನ ಗದ್ದೆಗಳು, ಕೃಷ್ಣೆಯ ದಂಡೆ, ನೇಕಾರರ ಓಣಿಗಳು; ಇವುಗಳ ಮೇಲಿನ ಆಕಾಶ ಬಹುಮಟ್ಟಿಗೆ ತೆರವಾಗಿದೆ. ತೊಡಕು ಬರುವುದು ಇದೇ ಪ್ರಶ್ನೆಗೆ ಇನ್ನೊಂದು ವಾಕ್ಯ ಸೇರಿದಾಗ: “ಲಗ್ನ ಬೆಂಗಳೂರಾಗ ಐತ್ರಿ.”

ಈ ವಾಕ್ಯ ಈಗ ಮೇಲಿಂದ ಮೇಲೆ ಕೇಳಿಸುತ್ತದೆ. ನಮ್ಮ ರಬಕವಿ-ಬನಹಟ್ಟಿ ಸೀರೆಯ ಊರು. ಸೀರೆ ವ್ಯಾಪಾರಿಗಳ, ನೇಕಾರರ, ಕಬ್ಬು ಬೆಳೆಯುವವರ ಮಕ್ಕಳು ಓದಿ ಬೆಂಗಳೂರಿಗೆ ಹೋಗಿದ್ದಾರೆ. ಲಗ್ನವೂ ಅಲ್ಲೇ ಆಗುತ್ತದೆ, ಆದರೆ ಫೋಟೋ-ವಿಡಿಯೋಕ್ಕೆ ಮಾತ್ರ ಊರಿನ ಹುಡುಗರೇ ಬೇಕು. ಮನೆತನದ ಮಂದಿಯ ಮುಖ ನಮಗೆ ಗೊತ್ತಿರುತ್ತದೆ, ಯಾರು ಸೋದರಮಾವ, ಯಾರು ಅಳಿಯ ಎಂದು ಹೇಳಿಕೊಡಬೇಕಿಲ್ಲ. ಹಾಗಾಗಿ ಕ್ಯಾಮೆರಾ ಚೀಲ ಹೊತ್ತು ನಾವೂ ರಾತ್ರಿ ಬಸ್ಸು ಹತ್ತುತ್ತೇವೆ. ಆ ಚೀಲದಲ್ಲಿ ಡ್ರೋನು ಇರಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸುವುದು ಬಸ್ಸು ಹತ್ತುವ ಮುಂಚೆ ಅಲ್ಲ, ಮುಂಗಡ ಹಣ ಹಿಡಿಯುವ ಮುಂಚೆ.

ನಮ್ಮ ಓಣಿಯ ಹಿರಿಯರೊಬ್ಬರು ಮಗನ ಲಗ್ನ ಹಿಡಿದಿದ್ದರು. ದೇವನಹಳ್ಳಿ ರಸ್ತೆಯ ಒಂದು ದೊಡ್ಡ ರೆಸಾರ್ಟ್, ಬಯಲಲ್ಲಿ ಮಂಟಪ, ಸಂಜೆ ಆರತಕ್ಷತೆ. ನಾನು ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದೆ. ರೆಸಾರ್ಟ್ ಇದ್ದ ಜಾಗ ಪೂರ್ತಿ ಕೆಂಪು.

“ಕಾಕಾ, ಇಲ್ಲಿ ಹಾರಿಸಾಕ ಬರೂದಿಲ್ರಿ.”

“ಯಾಕೋ ತಮ್ಮಾ? ಅದ ಜಾಗಾದಾಗ ಬ್ಯಾರೆಯವರ ಲಗ್ನದಾಗ ಹಾರಿಸ್ಯಾರ. ಯೂಟ್ಯೂಬ್‌ನ್ಯಾಗ ಐತಿ, ನಮ್ಮ ಹುಡುಗ ತೋರಿಸ್ಯಾನ.”

“ಹಾರಿಸಿರಬೇಕ್ರಿ. ಅವರು ಹಾರಿಸ್ಯಾರಂದ್ರ ಅದು ಕಾಯ್ದೇಶೀರ ಅಂತ ಅಲ್ರಿ.”

ಅವರಿಗೆ ಬೇಸರವಾಯಿತು. ಎರಡು ಲಕ್ಷ ಖರ್ಚು ಮಾಡುವವರಿಗೆ ‘ಆಗೋದಿಲ್ಲ’ ಎನ್ನುವ ಕಸುಬುದಾರ ಬೇಡವಾಗುತ್ತಾನೆ. ಆದರೂ ನಾನು ಆ ದಿನ ಅವರನ್ನು ಕೂಡ್ರಿಸಿಕೊಂಡು ಚಹಾ ತರಿಸಿ ಪೂರ್ತಿ ಹೇಳಿದೆ. ಈ ವಿಷಯ ಲಗ್ನ ಮಾಡುವ ಪ್ರತಿ ಮನೆಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಡ್ರೋನಿಗೆ ಈಗ ಇರುವ ಕಾನೂನು ‘ಡ್ರೋನ್ ನಿಯಮಗಳು, 2021’. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2021ರ ಆಗಸ್ಟ್ 25ರಂದು ಇದನ್ನು ಹೊರಡಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ ನಿಯಮಗಳಲ್ಲಿ 25 ಬಗೆಯ ಅರ್ಜಿ ನಮೂನೆ, 72 ಬಗೆಯ ಶುಲ್ಕ ಇದ್ದವು. ಹೊಸದರಲ್ಲಿ ನಮೂನೆ ಐದಕ್ಕೆ, ಶುಲ್ಕ ನಾಲ್ಕಕ್ಕೆ ಇಳಿದವು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿದ್ದಿತ್ತು. ಅದಾಗಿ ಎರಡೇ ತಿಂಗಳಿಗೆ ಸರ್ಕಾರ ನಿಯಮವನ್ನು ಬಿಗಿ ಮಾಡುವ ಬದಲು ಸಡಿಲಿಸಿತು. ರೈತನಿಗೆ, ಸರ್ವೇದವರಿಗೆ, ನಮ್ಮಂಥ ಸ್ಟುಡಿಯೋದವರಿಗೆ ಈ ಯಂತ್ರದಿಂದ ಹೊಟ್ಟೆ ತುಂಬುತ್ತದೆ ಎಂದು ಒಪ್ಪಿಕೊಂಡ ನಿಯಮ ಇದು. ಕಿರುಕುಳಕ್ಕೆಂದು ಬರೆದದ್ದಲ್ಲ. ಅದಕ್ಕೇ ಪಾಲಿಸಬೇಕು ಎನ್ನುತ್ತೇನೆ.

ನಿಯಮ ಮೊದಲು ಕೇಳುವುದು ತೂಕ. ಬ್ಯಾಟರಿ, ಕ್ಯಾಮೆರಾ ಎಲ್ಲ ಸೇರಿ 250 ಗ್ರಾಂ ಒಳಗಿದ್ದರೆ ನ್ಯಾನೊ. ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ಲಗ್ನದಲ್ಲಿ ಹಾರುವ ದೊಡ್ಡ ಕ್ಯಾಮೆರಾ ಡ್ರೋನ್‌ಗಳೆಲ್ಲ ಇದರಲ್ಲೇ ಬರುತ್ತವೆ. 2ರಿಂದ 25 ಕಿಲೋ ಸ್ಮಾಲ್, 25ರಿಂದ 150 ಕಿಲೋ ಮೀಡಿಯಂ, ಅದರಾಚೆ ಲಾರ್ಜ್. ಕಬ್ಬಿಗೆ ಔಷಧ ಹೊಡೆಯುವ ಡ್ರೋನು, ಟ್ಯಾಂಕು ತುಂಬಿದಾಗ ಎಷ್ಟು ತೂಗುತ್ತದೆ ಎಂಬುದರ ಮೇಲೆ ಸ್ಮಾಲ್ ಇಲ್ಲವೆ ಮೀಡಿಯಂ ಆಗುತ್ತದೆ.

ಎರಡನೆಯದು ಕಾಗದಪತ್ರ. ವಾಹನಕ್ಕೆ ನಂಬರ್ ಪ್ಲೇಟ್ ಇರುವ ಹಾಗೆ ಡ್ರೋನಿಗೆ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಬೇಕು. ಅದರ ಶುಲ್ಕ 100 ರೂಪಾಯಿ. ಹಾರಿಸುವವನಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. 18 ತುಂಬಿರಬೇಕು, 65 ದಾಟಿರಬಾರದು, ಹತ್ತನೇ ಇಯತ್ತೆ ಪಾಸಾಗಿರಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂದರೆ ಡಿಜಿಸಿಎ ಒಪ್ಪಿದ ತರಬೇತಿ ಸಂಸ್ಥೆಯಲ್ಲಿ ಕಲಿತು ಪರೀಕ್ಷೆ ಮುಗಿಸಿರಬೇಕು. ಪ್ರಮಾಣಪತ್ರ 10 ವರ್ಷ ನಡೆಯುತ್ತದೆ. ಮೊದಲು ಅರ್ಜಿಗೆ ಪಾಸ್‌ಪೋರ್ಟ್ ಕೇಳುತ್ತಿದ್ದರು. ನಮ್ಮ ಕಡೆ ಎಷ್ಟು ರೈತರ ಮಕ್ಕಳ ಬಳಿ ಪಾಸ್‌ಪೋರ್ಟ್ ಇರುತ್ತದೆ? 2023ರ ಸೆಪ್ಟೆಂಬರ್ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತವೆ.

ನ್ಯಾನೊ ಹಾರಿಸಲು ಈ ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊವನ್ನು ಸ್ವಂತ ಖುಷಿಗೆ ಹಾರಿಸಿದರೂ ಬೇಡ. ಆದರೆ ಮೈಕ್ರೊ ಹಾರಿಸಿ ನಾಲ್ಕು ಕಾಸು ತೆಗೆದುಕೊಂಡಿರೋ, ಬೇಕು. ಲಗ್ನದ ಕೆಲಸ ಎಂದರೆ ಕಾಸಿನ ಕೆಲಸವೇ. ‘ಗೆಳೆಯನ ಲಗ್ನ, ಸುಮ್ಮನೆ ಹಾರಿಸಿದೆ’ ಎಂಬ ಮಾತು ಬಿಲ್ ಕೊಟ್ಟ ಮೇಲೆ ನಿಲ್ಲುವುದಿಲ್ಲ. ಹಾಗೆಯೇ ನ್ಯಾನೊ ಬಿಟ್ಟು ಉಳಿದದ್ದಕ್ಕೆಲ್ಲ ಮೋಟಾರು ವಾಹನದಂತೆಯೇ ಮೂರನೆಯವರಿಗೆ ಆಗುವ ಹಾನಿಯ ವಿಮೆ ಇರಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಮೂರನೆಯದೇ ಮುಖ್ಯ: ಜಾಗ. 2021ರ ಸೆಪ್ಟೆಂಬರ್ 24ರಂದು ಸರ್ಕಾರ ಇಡೀ ದೇಶದ ಆಕಾಶದ ನಕ್ಷೆಯನ್ನು ‘ಡಿಜಿಟಲ್ ಸ್ಕೈ’ ಜಾಲತಾಣದಲ್ಲಿ ಹಾಕಿತು. ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಡ. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಒಂದರ ಮೇಲೊಂದು ಎರಡು ಗುಮ್ಮಟ ಇಟ್ಟರೂ 120 ಆಗುವುದಿಲ್ಲ. ಲಗ್ನದ ಕೆಲಸಕ್ಕೆ ಅಷ್ಟು ಎತ್ತರ ಬೇಕೇ ಇಲ್ಲ. ಹಳದಿಯಲ್ಲಿ ಆ ಭಾಗದ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಒಂದು ಲಗ್ನಕ್ಕೆ ಅದು ಸಿಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಹಾರಿಸುವ ಮುಂಚೆ ಪ್ರತಿ ಸಲವೂ ನಕ್ಷೆ ನೋಡುವುದು ಪೈಲಟ್‌ನ ಕರ್ತವ್ಯ ಎಂದೇ ನಿಯಮದಲ್ಲಿ ಬರೆದಿದೆ, ಏಕೆಂದರೆ ಬಣ್ಣ ಬದಲಾಗುತ್ತಿರುತ್ತದೆ.

ವಿಮಾನ ನಿಲ್ದಾಣದ ಲೆಕ್ಕ ಹೀಗೆ. ಅದರ ಗಡಿಯಿಂದ 8 ಕಿ.ಮೀ. ಒಳಗೆ ಒಪ್ಪಿಗೆಯಿಲ್ಲದೆ ಹಾರಾಟದ ಮಾತೇ ಇಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ ಹಸಿರು, ಅದರ ಮೇಲೆ ಹಳದಿ.

ಈಗ ಈ ಲೆಕ್ಕ ಹಿಡಿದು ಬೆಂಗಳೂರನ್ನು ನೋಡಿ. ಉತ್ತರಕ್ಕೆ ದೇವನಹಳ್ಳಿಯಲ್ಲಿ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಅದರ ಕೆಳಗೆ ಯಲಹಂಕದ ವಾಯುಪಡೆ ನೆಲೆ. ಇನ್ನಷ್ಟು ಕೆಳಗೆ ಜಕ್ಕೂರಿನ ವೈಮಾನಿಕ ಶಾಲೆಯ ಮೈದಾನ. ಪೂರ್ವಕ್ಕೆ ಎಚ್‌ಎಎಲ್ ನಿಲ್ದಾಣ. 2008ರ ಮೇ ತನಕ ಊರಿಗೆ ಬರುವ ಪ್ರಯಾಣಿಕ ವಿಮಾನಗಳು ಅಲ್ಲೇ ಇಳಿಯುತ್ತಿದ್ದವು, ಈಗಲೂ ಅಲ್ಲಿ ಹೊಸ ಯುದ್ಧವಿಮಾನ, ಹೆಲಿಕಾಪ್ಟರ್‌ಗಳ ಪರೀಕ್ಷಾ ಹಾರಾಟ ನಡೆಯುತ್ತದೆ. ವಾಯವ್ಯಕ್ಕೆ ಜಾಲಹಳ್ಳಿಯ ವಾಯುಪಡೆ ಕೇಂದ್ರ. ನಡುವೆ ಹಲಸೂರಿನ ಮದ್ರಾಸ್ ಎಂಜಿನಿಯರ್ಸ್, ಜೆ.ಸಿ. ನಗರದ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರ, ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ. ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒ ಪ್ರಯೋಗಾಲಯ. ಇಷ್ಟೆಲ್ಲದರ ಮಧ್ಯೆ ವಿಧಾನಸೌಧ, ಹೈಕೋರ್ಟು, ರಾಜಭವನ. 2018ರಲ್ಲಿ ದೇಶದ ಮೊದಲ ಡ್ರೋನ್ ನಿಯಮ ಬಂದಾಗಲೇ ರಾಜ್ಯ ರಾಜಧಾನಿಗಳ ಸಚಿವಾಲಯದ ಸುತ್ತ 3 ಕಿ.ಮೀ. ಹಾರಾಟ ನಿಷೇಧಿಸಿದ್ದರು. ಪ್ರತಿಯೊಂದರ ಸುತ್ತ ಒಂದೊಂದು ವರ್ತುಲ ಎಳೆದರೆ ಒಂದು ಇನ್ನೊಂದರ ಮೇಲೆ ಬೀಳುತ್ತದೆ. ಬೆಂಗಳೂರಿನ ದೊಡ್ಡ ಕಲ್ಯಾಣ ಮಂಟಪಗಳು, ರೆಸಾರ್ಟ್‌ಗಳು ಬಹಳಷ್ಟು ಇರುವುದು ಇದೇ ಬಳ್ಳಾರಿ ರಸ್ತೆ, ಯಲಹಂಕ, ಅರಮನೆ ಮೈದಾನದ ಆಸುಪಾಸಿನಲ್ಲಿ. ಲಗ್ನದ ಮಂದಿಗೂ ವಿಮಾನದವರಿಗೂ ಬಯಲು ಜಾಗ ಬೇಕು. ಇಬ್ಬರೂ ಒಂದೇ ದಿಕ್ಕಿಗೆ ಹೋಗಿದ್ದಾರೆ.

‘ಅಷ್ಟು ದೂರ ಯಾಕೆ ಬಿಡಬೇಕು, ವಿಮಾನ ಎಲ್ಲೋ ಮೇಲೆ ಇರುತ್ತದಲ್ಲ’ ಎಂದು ಕಾಕಾ ಕೇಳಿದರು. ಇಳಿಯುವ ವಿಮಾನ ಮೇಲೆ ಇರುವುದಿಲ್ಲ. ಸಾಮಾನ್ಯವಾಗಿ ಅದು ಮೂರು ಡಿಗ್ರಿ ಓರೆಯಲ್ಲಿ ಇಳಿಯುತ್ತ ಬರುತ್ತದೆ, ಅಂದರೆ ಒಂದು ಕಿ.ಮೀ. ಮುಂದೆ ಬಂದಾಗ ಸುಮಾರು 50 ಮೀಟರ್ ಕೆಳಗಾಗುತ್ತದೆ. ರನ್‌ವೇ ಇನ್ನೂ 3 ಕಿ.ಮೀ. ದೂರ ಇರುವಾಗ ಅದು ನೆಲದಿಂದ ಹೆಚ್ಚುಕಡಿಮೆ 150 ಮೀಟರ್ ಎತ್ತರದಲ್ಲಿರುತ್ತದೆ, 2 ಕಿ.ಮೀ. ದೂರ ಇರುವಾಗ 100 ಮೀಟರ್. ನಮ್ಮ ಡ್ರೋನು ಹಾರಬಲ್ಲ ಎತ್ತರವೂ ಅದೇ. ಹೆಲಿಕಾಪ್ಟರ್ ಆದರೆ ಇನ್ನೂ ಕೆಳಗೆ ಬರುತ್ತದೆ. ಹಕ್ಕಿ ಬಡಿದರೇ ವಿಮಾನದ ಎಂಜಿನ್ನು ಕೆಡುತ್ತದೆ. ಡ್ರೋನಿನಲ್ಲಿ ಲೋಹದ ಮೋಟಾರಿದೆ, ಬೆಂಕಿ ಹತ್ತಬಲ್ಲ ಲಿಥಿಯಂ ಬ್ಯಾಟರಿ ಇದೆ.

ಬಡಿಯದೆ ಬರೇ ಕಾಣಿಸಿಕೊಂಡರೂ ಸಾಕು. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನು ಕಂಡಿತೆಂಬ ವರದಿಗಳಿಗೇ ರನ್‌ವೇ ಮುಚ್ಚಿದರು. ಸುಮಾರು ಒಂದು ಸಾವಿರ ವಿಮಾನಗಳ ಹಾರಾಟ ಕೆಟ್ಟು, 1,40,000 ಪ್ರಯಾಣಿಕರು ಕ್ರಿಸ್ಮಸ್ ಹೊತ್ತಿಗೆ ನಡುದಾರಿಯಲ್ಲಿ ಉಳಿದರು.

ನಮ್ಮ ಕಸುಬಿನ ಹುಡುಗರಲ್ಲಿ ಒಂದು ತಪ್ಪು ನಂಬಿಕೆ ಬೇರು ಬಿಟ್ಟಿದೆ. ‘ನನ್ನದು 249 ಗ್ರಾಂ ಅಣ್ಣಾ, ಅದಕ್ಕೇನೂ ಕಾಯ್ದೆ ಇಲ್ಲ’ ಎನ್ನುತ್ತಾರೆ. ಇದು ಅರ್ಧ ಸತ್ಯ, ಅದಕ್ಕೇ ಅಪಾಯ. 250 ಗ್ರಾಂ ಒಳಗಿದ್ದರೆ ಪೈಲಟ್ ಪ್ರಮಾಣಪತ್ರ ಬೇಡ, ವಿಮೆ ಕಡ್ಡಾಯವಲ್ಲ. ಕೆಂಪು, ಹಳದಿ ವಲಯದ ನಿಯಮ ಮಾತ್ರ ನ್ಯಾನೊಕ್ಕೂ ಅಷ್ಟೇ ಗಟ್ಟಿ. 2025ರ ಜನವರಿ 9ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಾಡ್ಗಿಚ್ಚು ಉರಿಯುತ್ತಿತ್ತು. ಅದನ್ನು ನೋಡಲು ಒಬ್ಬ ಕಾರ್ ಪಾರ್ಕಿಂಗ್ ಕಟ್ಟಡದ ಮೇಲಿಂದ ಸಣ್ಣ ಡ್ರೋನು ಹಾರಿಸಿದ. ಅದು ಇದೇ ಹಗುರ ವರ್ಗದ್ದು. ಎರಡೂವರೆ ಕಿ.ಮೀ. ಹೋಗಿ ಕಣ್ಣಿಗೆ ಕಾಣದಾಯಿತು. ಬೆಂಕಿಗೆ ನೀರು ಸುರಿಯಲು ಕೆನಡಾದಿಂದ ಬಂದಿದ್ದ ವಿಮಾನದ ಎಡ ರೆಕ್ಕೆಗೆ ಬಡಿದು ಮೂರು ಇಂಚು ಅಗಲ, ಆರು ಇಂಚು ಉದ್ದದ ತೂತು ಬಿತ್ತು. ಜನರ ಮನೆಗಳು ಉರಿಯುತ್ತಿರುವಾಗ ಆ ವಿಮಾನ ರಿಪೇರಿಗೆ ನಿಲ್ಲಬೇಕಾಯಿತು. ಹಾರಿಸಿದವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ.

ಇದನ್ನು ಓದಿದಾಗ ನನಗೆ ನೆನಪಾದದ್ದು 2019ರ ಆಗಸ್ಟ್. ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ, ನಮ್ಮ ರಬಕವಿ ಕಡೆಯ ಹೊಳೆಸಾಲಿನ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಉತ್ತರ ಕರ್ನಾಟಕದಲ್ಲಿ ಸಿಕ್ಕಿಬಿದ್ದ ಮಂದಿಯನ್ನು ಎತ್ತಲು ಹೆಲಿಕಾಪ್ಟರ್‌ಗಳು ಬಂದವು. ಮುಂದೆಯೂ ಹೊಳೆ ಬರುತ್ತದೆ. ಈಗ ಓಣಿಗೊಂದು ಡ್ರೋನಿದೆ. ಮೇಲೆ ಹೆಲಿಕಾಪ್ಟರ್ ಸಪ್ಪಳ ಕೇಳಿಸಿತೆಂದರೆ ಡ್ರೋನು ಕೂಡಲೇ ಕೆಳಗಿಳಿಯಬೇಕು. ಮನುಷ್ಯರಿರುವ ಯಾವುದೇ ವಿಮಾನಕ್ಕೆ ಡ್ರೋನು ದಾರಿ ಬಿಡಲೇಬೇಕು ಎಂಬುದು ನಿಯಮ. ಪ್ರವಾಹದ ವಿಡಿಯೋ ತೆಗೆದು ಹಾಕುವ ಆತುರದಲ್ಲಿರುವ ತಮ್ಮಂದಿರು ಇದನ್ನು ಮರೆಯಬಾರದು.

ಈಗ ನಮ್ಮ ಸಂಕಟದ ಮಾತು. ರಾಜ್ಯದ ಸಾವಿರಾರು ಸ್ಟುಡಿಯೋಗಳಲ್ಲಿ ಇರುವುದು ಹೊರದೇಶದ ಕ್ಯಾಮೆರಾ ಡ್ರೋನ್‌ಗಳು. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ, ಬಿಡಿಭಾಗ ತರಬಹುದು. ದೇಶದಲ್ಲೇ ಡ್ರೋನು ತಯಾರಾಗಲಿ ಎಂಬುದು ಇದರ ಉದ್ದೇಶ, ಉದ್ದೇಶ ಸರಿಯಾದದ್ದೇ. ಕೃಷಿ ಮತ್ತು ಸರ್ವೇ ಡ್ರೋನ್‌ಗಳಲ್ಲಿ ಅದು ಫಲವನ್ನೂ ಕೊಟ್ಟಿದೆ. ಆದರೆ ಲಗ್ನಕ್ಕೆ ಬೇಕಾದ, ಕೈಚೀಲದಲ್ಲಿ ಹಿಡಿಯುವ, ಒಳ್ಳೆಯ ಕ್ಯಾಮೆರಾದ, ನಮ್ಮ ಕೈಗೆಟಕುವ ಬೆಲೆಯ ಸ್ವದೇಶಿ ಡ್ರೋನು ಸುಲಭಕ್ಕೆ ಸಿಗುವುದಿಲ್ಲ. ನ್ಯಾನೊ ಬಿಟ್ಟು ಮೇಲಿನದಕ್ಕೆ, ಆ ಮಾದರಿ ಸುರಕ್ಷಿತ ಎಂಬ ಪ್ರಮಾಣೀಕರಣ ಇದ್ದರಷ್ಟೇ ನೋಂದಣಿ. 2021ರ ನವೆಂಬರ್ 30ರೊಳಗೆ ಕೊಂಡಿದ್ದ ಹಳೆಯ ಡ್ರೋನ್‌ಗಳಿಗೆ ಬಿಲ್ಲು, ಜಿಎಸ್‌ಟಿ ತೋರಿಸಿ ನೋಂದಾಯಿಸಲು ಒಂದು ಗಡುವು ಕೊಟ್ಟಿದ್ದರು. ಆ ಗಡುವು ಮುಗಿದಿದೆ. ಹೀಗಾಗಿ ದುಬೈನಿಂದ ಬಂದವರ ಚೀಲದಲ್ಲಿ ಬಂದದ್ದು, ಬಿಲ್ಲಿಲ್ಲದೆ ಮಾರಿದ್ದು, ಕೈಯಿಂದ ಕೈಗೆ ದಾಟಿದ್ದು ನಮ್ಮ ಹುಡುಗರ ಬಳಿ ಸೇರಿವೆ. ಅದಕ್ಕೆ ನಂಬರಿಲ್ಲ, ವಿಮೆಯಿಲ್ಲ. ಸಾಲ ಮಾಡಿ ಕೊಂಡ ಆ ಹುಡುಗನನ್ನು ಕಳ್ಳನೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಅವನು ಕಸುಬುದಾರ. ಸರ್ಕಾರ ಇನ್ನೊಮ್ಮೆ ಗಡುವು ಕೊಟ್ಟು, ದೇಶದಲ್ಲಿ ಈಗಾಗಲೇ ಇರುವ ಸಣ್ಣ ಕ್ಯಾಮೆರಾ ಡ್ರೋನ್‌ಗಳನ್ನು ಹೊರಗೆ ತರಿಸಿ, ನಂಬರು ಕೊಟ್ಟು, ವಿಮೆ ಮಾಡಿಸಲಿ. ನಂಬರಿಲ್ಲದ ಯಂತ್ರ ಸಾವಿರಾರು ಸಂಖ್ಯೆಯಲ್ಲಿ ಹಾರುವುದಕ್ಕಿಂತ, ಯಾರದು ಎಂದು ಗೊತ್ತಿರುವ ಯಂತ್ರ ಹಾರುವುದು ಎಲ್ಲರಿಗೂ ಕ್ಷೇಮ. ಜಿಲ್ಲೆಗಳ ಛಾಯಾಗ್ರಾಹಕರ ಸಂಘಗಳು ಒಟ್ಟಾಗಿ ಕೇಳಬೇಕಾದದ್ದು ಇದನ್ನು.

ಅಲ್ಲಿಯತನಕ ಹೊಸಬರಿಗೆ ನನ್ನ ಸಲಹೆ ಇಷ್ಟೇ: ಬಿಲ್ಲಿಲ್ಲದ ಡ್ರೋನು ಕೊಳ್ಳಬೇಡಿ, ಎಷ್ಟೇ ಅಗ್ಗವಿದ್ದರೂ. ಐದಾರು ದಿನ ಅಂಗಡಿ ಬಿಟ್ಟು ತರಬೇತಿಗೆ ಹೋಗಿ. ಖರ್ಚು ಹತ್ತಾರು ಸಾವಿರ ಬರುತ್ತದೆ, ನಿಜ. ಆದರೆ ಗಾಳಿ ಓದುವುದು, ಬ್ಯಾಟರಿ ಇಳಿದಾಗ ಏನು ಮಾಡಬೇಕು, ಸಿಗ್ನಲ್ ತಪ್ಪಿದಾಗ ಡ್ರೋನು ಎಲ್ಲಿಗೆ ಮರಳುತ್ತದೆ ಎಂಬುದನ್ನು ಅಲ್ಲಿ ಕೂತು ಕಲಿಯಬೇಕು. ಯೂಟ್ಯೂಬು ಅದನ್ನು ಕಲಿಸುವುದಿಲ್ಲ.

ಬೆಂಗಳೂರಿನ ಒಂದು ಕಾರ್ಯಕ್ರಮ ನಡೆಸುವ ಸಂಸ್ಥೆಯವರು ಒಮ್ಮೆ ನನಗೆ “ಪರ್ಮಿಷನ್ ಎಲ್ಲ ನಾವು ನೋಡ್ಕೋತೀವಿ, ನೀವು ಹಾರಿಸಿ ಸಾಕು” ಎಂದಿದ್ದರು. ಕಾಗದ ತೋರಿಸಿ ಎಂದೆ. ಠಾಣೆಯಲ್ಲಿ ಮಾತಾಡಿದ್ದೇವೆ ಎಂದರು. ಬಾಯಿಮಾತಿನ ಪರವಾನಗಿ ಪರವಾನಗಿಯಲ್ಲ. ಹೊಯ್ಸಳ ಗಾಡಿ ಬಂದು ನಿಂತರೆ ಪೊಲೀಸರು ಹಿಡಿಯುವುದು ರಿಮೋಟು ಕೈಯಲ್ಲಿರುವವನನ್ನು, ಆಗ ಮಾತು ಕೊಟ್ಟವರು ಊಟದ ಹಾಲಿನಲ್ಲಿರುತ್ತಾರೆ. ನಾನು ಹಾರಿಸಲಿಲ್ಲ, ಆ ಕೆಲಸದ ಉಳಿದ ಹಣ ಇವತ್ತಿಗೂ ಪೂರ್ತಿ ಬಂದಿಲ್ಲ. ಠಾಣೆಯ ಒಪ್ಪಿಗೆ ಒಂದು, ವಾಯುವಲಯದ ಒಪ್ಪಿಗೆ ಇನ್ನೊಂದು; ಒಂದಿದ್ದರೆ ಇನ್ನೊಂದು ಬಂತೆಂದು ಅಲ್ಲ.

ಜೊತೆಗೆ ಹಸಿರು ಜಾಗವೂ ನಾಲ್ಕು ದಿನ ಕೆಂಪಾಗಬಹುದು. ತುರ್ತು ಇದ್ದಾಗ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಸಾರಬಹುದು. ಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ಸಾರುವಂತಿಲ್ಲ. ಇದಲ್ಲದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ, ಅಂದರೆ ನಾವು ಹಿಂದೆ 144 ಎನ್ನುತ್ತಿದ್ದುದರ ಅಡಿ, ನಿಷೇಧಾಜ್ಞೆ ಬರಬಹುದು. ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರವರಿ ಲಗ್ನದ ಹಂಗಾಮೂ ಹೌದು. ಆ ವಾರದ ಆರ್ಡರ್ ಹಿಡಿಯುವವರು ಎರಡು ಸಲ ವಿಚಾರಿಸಬೇಕು.

ಊರಿನಲ್ಲೂ ಎಲ್ಲ ಕಡೆ ಮುಕ್ತವಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಮದುವೆಗೆ ಮುಂಚಿನ ವಿಡಿಯೋ ಬೇಕೆನ್ನುವ ಜೋಡಿಗಳಿಗೆ ಲೆಕ್ಕವಿಲ್ಲ. ಅಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯಿಲ್ಲದೆ ಡ್ರೋನು ಏಳಬಾರದು. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮದಲ್ಲಿ ಅರಣ್ಯ ಇಲಾಖೆಯನ್ನು ಕೇಳಬೇಕು. ಚಿಂಕಾರ ಬಲು ಅಂಜುಬುರುಕ ಪ್ರಾಣಿ. ತಲೆಯ ಮೇಲೆ ಆ ಗುಂಯ್‌ಗುಡುವ ಸಪ್ಪಳ ಬಂದರೆ ಮರಿ ಬಿಟ್ಟು ಓಡುತ್ತದೆ. ಆಲಮಟ್ಟಿ ಅಣೆಕಟ್ಟು, ಹಿಪ್ಪರಗಿ ಬ್ಯಾರೇಜಿನ ಮೇಲೆ ಹಾರಿಸುವ ಆಸೆ ಬಿಡಬೇಕು. ವಿಜಯಪುರದಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆದಿದೆ. ಹಾರಾಟ ಶುರುವಾದ ದಿನ ಆ ಊರಿನ ನಕ್ಷೆಯೂ ಬದಲಾಗುತ್ತದೆ.

ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಂಥ ಜಾಗದಲ್ಲಿ ನಕ್ಷೆ ಹಸಿರಿದ್ದರೂ ನಾನು ತೇರಿನ ನೆತ್ತಿಯ ಮೇಲೆ, ಜನರ ತಲೆಯ ಮೇಲೆ ಹಾರಿಸುವುದಿಲ್ಲ. ಒಂದು ಪಂಖ ಮುರಿದರೆ ಸಾಕು, ಡ್ರೋನು ಕಲ್ಲಿನಂತೆ ಬೀಳುತ್ತದೆ. ಕೆಳಗೆ ಕೂಸುಗಳಿರುತ್ತವೆ. ಬದಿಯ ಬಯಲಿನ ಮೇಲೆ ನಿಲ್ಲಿಸಿ ಓರೆಯಾಗಿ ತೆಗೆದರೆ ತೇರೂ ಬರುತ್ತದೆ, ಮಂದಿಯೂ ಬರುತ್ತಾರೆ. ಇನ್ನೊಂದು ಮಾತು ಓಣಿಯ ಬಗ್ಗೆ. ಮಾಳಿಗೆಯ ಮೇಲೆ ಹೆಣ್ಣುಮಕ್ಕಳು ಕೂದಲು ಆರಿಸುತ್ತಿರುತ್ತಾರೆ, ಹಿತ್ತಲಲ್ಲಿ ಮೀಯುವವರಿರುತ್ತಾರೆ. ಮೀಯುವಂಥ ಖಾಸಗಿ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಹಾರಿಸುವುದನ್ನಲ್ಲ, ಯಾವ ಮನೆಯ ಕಡೆ ಕ್ಯಾಮೆರಾ ತಿರುಗಿಸಬಾರದು ಎಂಬುದನ್ನು.

ಒಪ್ಪಿಗೆ ಪಡೆದು, ತಯಾರಿ ಮಾಡಿ ಹಾರಿಸಿದರೆ ನಗರದಲ್ಲೂ ಅದ್ಭುತ ನಡೆಯುತ್ತದೆ. 2024ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ 1,500 ಡ್ರೋನ್‌ಗಳು ಒಟ್ಟಿಗೆ ಚಿತ್ರ ಬರೆದದ್ದನ್ನು ರಾಜ್ಯವೇ ನೋಡಿತು. 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಕಂಪನಿ, ಕಣ್ಣಿಗೆ ಕಾಣದಷ್ಟು ದೂರಕ್ಕೆ ಡ್ರೋನಿನಲ್ಲಿ ಔಷಧ ಕಳಿಸುವ ಪ್ರಯೋಗ ಮಾಡಿತು. ನಮ್ಮ ಹಳ್ಳಿಗಳ ಮನೆ-ಜಾಗಗಳನ್ನು ಸ್ವಾಮಿತ್ವ ಯೋಜನೆಯಡಿ ಅಳೆದದ್ದೂ ಡ್ರೋನೇ. ಆಳೆತ್ತರ ದಾಟಿದ ಕಬ್ಬಿನೊಳಗೆ ಪಂಪು ಹೊತ್ತು ಔಷಧ ಹೊಡೆದವರಿಗೆ, ಹತ್ತು ಲೀಟರಿನ ಡ್ರೋನು ಕೆಲವೇ ನಿಮಿಷದಲ್ಲಿ ಎಕರೆ ಮುಗಿಸುವುದರ ಬೆಲೆ ಗೊತ್ತು. ವಿಷ ಮೈಗೆ ತಾಗುವುದೂ ತಪ್ಪಿತು. ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೋನಿನ ಬೆಲೆಯ ಶೇ. 80ರಷ್ಟು, 8 ಲಕ್ಷ ರೂಪಾಯಿ ಮೀರದಂತೆ, ನೆರವು ಸಿಗುತ್ತದೆ. ಇವರೆಲ್ಲ ಪ್ರಮಾಣಪತ್ರ ಪಡೆದೇ ಹಾರಿಸುತ್ತಾರೆ. ಲಗ್ನದವರು ನಾವೇಕೆ ಹಿಂದುಳಿಯಬೇಕು?

ಕಾಕಾರ ಮನೆಯ ಲಗ್ನಕ್ಕೆ ಕೊನೆಗೆ ನಾವು ಕೆಲಸವನ್ನು ಎರಡು ಪಾಲು ಮಾಡಿದೆವು. ಮೇಲಿನ ದೃಶ್ಯಗಳನ್ನೆಲ್ಲ ಇಲ್ಲೇ ತೆಗೆದೆವು: ಅರಿಷಿಣ ಹಚ್ಚುವ ಶಾಸ್ತ್ರ, ದೇವರ ಗುಡಿಗೆ ಹೋಗುವ ಮೆರವಣಿಗೆ, ಮಹಿಷವಾಡಗಿ ಕಡೆಯ ಹೊಳೆದಂಡೆ, ಅವರ ಸ್ವಂತ ಕಬ್ಬಿನ ಹೊಲ, ಮನೆಯಂಗಳದಲ್ಲಿ ಹಾಸಿದ ಹೊಸ ಸೀರೆಗಳು. ಬೆಂಗಳೂರಿನ ಮಂಟಪಕ್ಕೆ ಕ್ಯಾಮೆರಾ ಎತ್ತುವ ಜಿಬ್ ಕ್ರೇನು ಬಾಡಿಗೆ ಹಿಡಿದೆವು. ಕ್ರೇನು ಎತ್ತರಕ್ಕೆ ಹೋಗುತ್ತದೆ, ಸಪ್ಪಳವಿಲ್ಲ, ಮಂತ್ರ ಹೇಳುವ ಅಯ್ಯನವರ ದನಿ ಕೆಡುವುದಿಲ್ಲ. ಡ್ರೋನೇ ಬೇಕು ಎನ್ನುವವರು ಮಂಟಪ ಗೊತ್ತು ಮಾಡುವ ಮುಂಚೆಯೇ ನಕ್ಷೆ ನೋಡಿ, ವಿಮಾನ ನಿಲ್ದಾಣ, ಸೇನಾ ನೆಲೆಗಳಿಂದ ದೂರದ ಹಸಿರು ಜಾಗ ಹುಡುಕಬೇಕು. ಹಳದಿಯಲ್ಲಿದ್ದರೆ ಅರ್ಜಿಗೆ ಸಾಕಷ್ಟು ದಿನ ಮುಂಚೆ ಕೈ ಹಾಕಬೇಕು, ಸಿಗದಿದ್ದರೆ ಬಿಡಲು ತಯಾರಿರಬೇಕು.

ಲಗ್ನ ಹಿಡಿದಿರುವ ಮನೆಯವರಲ್ಲಿ ನನ್ನದೊಂದು ವಿನಂತಿ. ಡ್ರೋನ್ ಇರುತ್ತದೆಯೇ ಎಂದು ಕೇಳುವ ಮುಂಚೆ ಲಗ್ನ ಎಲ್ಲಿ ಎಂದು ಹೇಳಿ. ಹಾರಿಸುವವನ ಪ್ರಮಾಣಪತ್ರ, ಡ್ರೋನಿನ ನಂಬರು, ವಿಮೆಯ ಕಾಗದ ತೋರಿಸು ಎಂದು ಕೇಳಿ. ಅದು ಅವಮಾನವಲ್ಲ, ನಿಮ್ಮ ಹಕ್ಕು. ‘ಈ ಜಾಗದಲ್ಲಿ ಆಗೋದಿಲ್ಲ’ ಎಂದು ಒಬ್ಬ ಕಸುಬುದಾರ ಹೇಳಿದರೆ ಅವನನ್ನು ಬಿಟ್ಟು ‘ಎಲ್ಲ ಆಗ್ತದ’ ಎನ್ನುವವನ ಬಳಿ ಹೋಗಬೇಡಿ.